ಔಷಧ ಹೊಡೆದ ಗೋಡೆಯ ಮೇಲಿನ ಸೊಳ್ಳೆ

ಶಿವಲಿಂಗಪ್ಪನವರ ಪಡಸಾಲೆಯ ಗೋಡೆಗೆ ಔಷಧ ಹೊಡೆದು ಒಂದು ತಿಂಗಳಾಗಿತ್ತು. ಬಿಳಿ ಕಲೆ ಇನ್ನೂ ಮಾಸಿರಲಿಲ್ಲ. ಆ ಕಲೆಯ ಮೇಲೆಯೇ ಒಂದು ಸೊಳ್ಳೆ ಕೂತಿತ್ತು — ಬಾಲ ಮೇಲೆತ್ತಿ, ಓರೆಯಾಗಿ, ಹೊಟ್ಟೆ ತುಂಬ ರಕ್ತ ಕುಡಿದು.

“ಮಲೇರಿಯಾದ್ದು,” ಎಂದಳು ಅಂಬರೀನ. ಗಾಜಿನ ಕೊಳವೆಗೆ ಬಾಯಿ ಇಟ್ಟು ಉಸಿರೆಳೆದಳು. ಸೊಳ್ಳೆ ಕೊಳವೆಯೊಳಗೆ ಬಂತು. ಜೀವಂತ!

ಅಂಬರೀನ ನನ್ನ ಹೆಂಡತಿ. ಮುಂಡಗೋಡದಲ್ಲಿ ಮಲೇರಿಯಾ ವಿಭಾಗದ ಕೆಲಸ. ಸೊಳ್ಳೆ ಹಿಡಿದು ಅದು ಯಾವ ಜಾತಿಯದು, ಎಲ್ಲಿ ಹುಟ್ಟಿತು, ಯಾಕೆ ಸಾಯಲಿಲ್ಲ ಎಂದು ಹುಡುಕುವವಳು. ನಾನು ಸುಭಾನಿ, ಔಷಧ ಹೊಡೆಯುವ ಪಂಪು ರಿಪೇರಿಯವನು. ಆ ಬೆಳಿಗ್ಗೆ ಅವಳನ್ನು ಬೈಕಿನಲ್ಲಿ ಅತ್ತಿವೇರಿ ಡ್ಯಾಮಿನ ಹತ್ತಿರದ ಆ ಸಣ್ಣ ಊರಿಗೆ ಕರೆತಂದಿದ್ದೆ.

ವಿಷಯ ಸಣ್ಣದಿರಲಿಲ್ಲ. ಶಿವಲಿಂಗಪ್ಪನವರ ಸೊಸೆ ಪೂರ್ಣಿಮಾ ಐದು ತಿಂಗಳ ಬಸುರಿ. ಮಲೇರಿಯಾ ಬಂದು ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಗೋಡೆಗೆ ಔಷಧ ಹೊಡೆದವನು ಅದೇ ಊರಿನ ಮಲ್ಲೇಶ. ಅವನು ಔಷಧ ಕದ್ದು ಬರೀ ನೀರು ಹೊಡೆದಿದ್ದಾನೆ ಎಂದು ಶಿವಲಿಂಗಪ್ಪ ದೂರು ಕೊಟ್ಟಿದ್ದರು. ಸೋಮವಾರದೊಳಗೆ ಅಂಬರೀನಳ ವರದಿ ಬೇಕಿತ್ತು. ಇಲ್ಲದಿದ್ದರೆ ಮಲ್ಲೇಶನ ಕೆಲಸ ಹೋಗುವುದು ಖಾತ್ರಿ.

“ಬರೇ ನೀರು ಹೊಡದಾನ್ರೀ!” ಶಿವಲಿಂಗಪ್ಪ ಗೋಡೆಯತ್ತ ಬೆರಳು ತೋರಿಸಿದರು.

“ಹೆಂಗ ಹೇಳ್ತೀರಿ, ಕಾಕಾ?” ಎಂದಳು ಅಂಬರೀನ.

“ಸೊಳ್ಳಿ ಸತ್ತಿಲ್ಲ. ಇನ್ನೇನು ಸಾಕ್ಷಿ ಬೇಕು?”

“ಗೋಡಿ ಮ್ಯಾಲ ಕಲಿ ಐತಲ್ರೀ?”

“ಸುಣ್ಣ ಕಲಸಿರಬೇಕು.”

“ಮನ್ಯಾಗ ನೀವು ಬ್ಯಾರೆ ಔಷಧ ಏನರ ಬಳಸ್ತೀರೇನು?”

“ಇಲ್ಲ. ಸೊಳ್ಳಿ ಕಾಯಿಲ್ ಸುದ್ದಾ ಹಚ್ಚೂದಿಲ್ಲ. ಹೊಗಿ ಪೂರ್ಣಿಮಾಗ ಆಗೂದಿಲ್ಲ.”

ಅವರ ಹೆಂಡತಿ ನೀಲಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಿದ್ದರು.

“ತಪ್ಪು ನಂದ ಇರಬೇಕವ್ವಾ. ಔಷಧ ಹೊಡದ ಮರುದಿನಾನ ಅಡಗಿಮನಿ ಗೋಡಿ ಸಗಣಿ ಹಾಕಿ ಸಾರಿಸಿಬಿಟ್ಟೆ. ಅದರ ಮ್ಯಾಲ ಸಾರಸಬಾರದಂತ ಗೊತ್ತಿರಲಿಲ್ಲ.”

“ಪಡಸಾಲಿ?”

“ಅದನ್ನ ಮುಟ್ಟಿಲ್ಲ.”

ಅಂಬರೀನ ಅವರ ಕೈ ಹಿಡಿದಳು. “ಹಂಗಾರ ನಿಮ್ಮದಲ್ಲ ಬಿಡ್ರಿ. ಸೊಳ್ಳಿ ಸಿಕ್ಕದ್ದು ಪಡಸಾಲ್ಯಾಗ.”

ನಂತರ ನನ್ನ ಕಡೆ ತಿರುಗಿ ಉರ್ದುವಿನಲ್ಲಿ ಕೇಳಿದಳು, “ಮಲ್ಲೇಶನ ಪಂಪು ರಿಪೇರಿ ಮಾಡಿದ್ದು ನೀವೇ ಅಲ್ಲವೇ?”

“ಹದಿನೈದು ವರ್ಷ ಬಾಳಿದ ಮೇಲೆ ನನ್ನ ಮೇಲೂ ಸಂಶಯವೇ?”

“ಗಂಡ ಅಂತ ರಿಯಾಯಿತಿ ಇಲ್ಲ. ಪಂಪು ತೋರಿಸಿ.”

ಮಲ್ಲೇಶನ ಪಂಪು ತರಿಸಿ, ಅಂಗಳದಲ್ಲೇ ನೀರು ತುಂಬಿ ಹೊಡೆದು ತೋರಿಸಿದೆ. ಸಿಂಪಡಣೆ ಸರಿಯಾಗಿತ್ತು. ಅವಳು ತೃಪ್ತಿಯಿಂದ ತಲೆಯಾಡಿಸಿದಾಗ, ನಿಜ ಹೇಳುತ್ತೇನೆ, ನಾನೂ ಉಸಿರು ಬಿಟ್ಟೆ.

ಬೇಲಿಯ ಹೊರಗೆ ಮಲ್ಲೇಶ ಕಾದು ನಿಂತಿದ್ದ.

“ಪುಡಿ ಹೆಂಗ ಕಲಸಿದಿ, ಮಲ್ಲೇಶ?”

“ಪಾಕೀಟದ ಮ್ಯಾಲ ಬರದಂಗ, ಅಕ್ಕಾರ.”

“ಕಲಸೂದು ಯಾರರ ನೋಡ್ಯಾರೇನು?”

“ಯಾರೂ ಇಲ್ರೀ. ಜೋಡಿ ಬರೂ ಮನಷ್ಯಾಗ ಅವತ್ತು ಆರಾಮ ಇರಲಿಲ್ಲ. ನಾ ಒಬ್ಬನ ಇದ್ದೆ.” ಅವನು ತಲೆ ತಗ್ಗಿಸಿದ. “ಪೂರ್ಣಿಮಾ ವೈನಿ ಹೆಂಗದಾರ್ರೀ?”

ಮಾತಿನಿಂದ ಇತ್ಯರ್ಥವಾಗುವ ಹಾಗಿರಲಿಲ್ಲ. ಅಂಬರೀನ ಕೊಟ್ಟಿಗೆಗೆ ಹೋದಳು. ಎರಡು ಎಮ್ಮೆ. ಗೋಡೆಯ ಮೂಲೆಯಲ್ಲಿ ಸೊಳ್ಳೆಯೋ ಸೊಳ್ಳೆ. ಇಪ್ಪತ್ತೈದು ಹಿಡಿದಳು. ಆಮೇಲೆ ಸುಮ್ಮನೆ ಎಮ್ಮೆಗಳನ್ನೇ ನೋಡುತ್ತ ನಿಂತಳು.

“ಸೊಳ್ಳೆ ಹಿಡಿಯಲು ಬಂದೆಯೋ, ಎಮ್ಮೆ ಕೊಳ್ಳಲು ಬಂದೆಯೋ?” ಎಂದೆ.

“ಎಷ್ಟು ನೆಮ್ಮದಿಯಾಗಿ ನಿಂತಿವೆ ನೋಡಿ,” ಎಂದಳು. ಅಷ್ಟೇ.

ಅಲ್ಲಿಂದ ಟಿಬೆಟನ್ ಕಾಲೊನಿ ದಾಟಿ ಇನ್ನೊಂದು ಊರಿಗೆ ಹೋಗಿ ಅಲ್ಲಿಯೂ ಇಪ್ಪತ್ತೈದು ಹಿಡಿದಳು. ದಾರಿಯುದ್ದಕ್ಕೂ ಡಬ್ಬಿ ಎದೆಗವಚಿಕೊಂಡು, “ನಿಧಾನ! ತಗ್ಗು ನೋಡಿ ಓಡಿಸಿ! ಪೆಟ್ಟಾದೀತು!” ಎನ್ನುತ್ತಿದ್ದಳು. ಪೆಟ್ಟು ನನಗಲ್ಲ, ಸೊಳ್ಳೆಗೆ.

ಅವಳ ಬಳಿ ಪರೀಕ್ಷೆಯ ಒಂದು ಬಗೆಯ ಕಾಗದವಿತ್ತು. ಗೋಡೆಗೆ ಹೊಡೆಯುವ ಅದೇ ಔಷಧ ಸವರಿ, ಸೀಲು ಮಾಡಿ ಬಂದದ್ದು. ಮಲ್ಲೇಶ ಅದನ್ನು ಕಣ್ಣಿಂದಲೂ ನೋಡಿದವನಲ್ಲ. ಎರಡೂ ಊರಿನ ಸೊಳ್ಳೆಗಳನ್ನು ಬೇರೆ ಬೇರೆಯಾಗಿ, ಒಳಗೆ ಆ ಕಾಗದ ಸುತ್ತಿದ ಕೊಳವೆಗಳಲ್ಲಿ ಒಂದು ತಾಸು ಬಿಟ್ಟಳು. ನಂತರ ಸ್ವಚ್ಛವಾದ ಕೊಳವೆಗೆ ಹಾಕಿ, ಸಕ್ಕರೆ ನೀರಿನ ಹತ್ತಿ ಇಟ್ಟು ಒಂದು ದಿನ ಕಾದಳು.

ಭಾನುವಾರ ಬೆಳಿಗ್ಗೆ ಶಿವಲಿಂಗಪ್ಪನವರ ಕಟ್ಟೆಯ ಮೇಲೆ ಎರಡೂ ಕೊಳವೆ ಇಟ್ಟಳು.

“ಇವು ಆಚೆ ಊರಿನ್ವು. ಇಪ್ಪತ್ತೈದೂ ಸತ್ತಾವ. ಇವು ನಿಮ್ಮ ಕೊಟಿಗ್ಯಾವು, ಕಾಕಾ. ಎಣಸ್ರಿ.”

ಶಿವಲಿಂಗಪ್ಪ ಕನ್ನಡಕ ಏರಿಸಿದರು. ಇಪ್ಪತ್ತೈದರಲ್ಲಿ ಹದಿನಾಲ್ಕು ಇನ್ನೂ ಹಾರಾಡುತ್ತಿದ್ದವು.

“ಔಷಧ ಒಂದ. ಅಲ್ಲಿ ಎಲ್ಲಾ ಸಾಯತಾವ, ಇಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯೂದಿಲ್ಲ. ಮಲ್ಲೇಶ ಸರಿಯಾಗೇ ಹೊಡದಿದ್ರೂ ನಿಮ್ಮ ಊರಿನ ಸೊಳ್ಳಿ ಎಲ್ಲಾ ಸಾಯತಿರಲಿಲ್ಲ. ಸೊಳ್ಳಿ ಬದುಕಿದ್ದು ಕಳವಿಗೆ ಸಾಕ್ಷಿ ಅಲ್ಲ.”

“ಅದಕ್ಕ ಔಷಧ ರೂಢಿ ಆಗೇತೇನು?”

“ರೂಢಿ ಅಲ್ರೀ. ಔಷಧ ಮೈಗೆ ಹತ್ತಿದ್ರೂ ತಡಕೊಳ್ಳೂ ಶಕ್ತಿ ಎಲ್ಲೋ ಒಂದೆರಡಕ್ಕ ಹುಟ್ಟಿನಿಂದನ ಇರತೈತಿ. ಉಳದವು ಸಾಯತಾವ, ಅವೊಂದೆರಡು ಬದುಕಿ ತತ್ತಿ ಇಡತಾವ. ಮರಿಗಳಿಗೂ ಅದ ಶಕ್ತಿ. ಮತ್ತ ಮತ್ತ ಅದ ಔಷಧ ಹೊಡದ್ರ ಕಡೀಕ ಊರತುಂಬ ಅವ.”

“ಆದ್ರ ಮತ್ತ ಮತ್ತ ಯಾರು ಹೊಡದಾರ? ಮಲ್ಲೇಶ ಬರೂದು ವರ್ಷಕ್ಕ ಎರಡು ಸಲ!”

ಅಂಬರೀನ ಕೊಟ್ಟಿಗೆಯ ಕಡೆ ತಿರುಗಿದಳು.

“ಕಾಕಾ, ನಾ ಕೊಟಿಗ್ಯಾಗ ಅರ್ಧ ತಾಸು ನಿಂತೆ. ನಿಮ್ಮ ಎಮ್ಮಿ ಒಂದ ಸಲನೂ ಬಾಲ ಬೀಸಲಿಲ್ಲ. ಒಂದು ನೊಣ ಇಲ್ಲ. ಮೈಮ್ಯಾಲ ಒಂದು ಉಣ್ಣಿ ಇಲ್ಲ. ಆದ್ರ ಗೋಡಿ ಮ್ಯಾಲ ಸೊಳ್ಳಿ ಆರಾಮ ಕೂತಿದ್ವು. ಎಮ್ಮಿಗೆ ಏನು ಹೊಡಿತೀರಿ?”

ಶಿವಲಿಂಗಪ್ಪ ಕನ್ನಡಕ ತೆಗೆದರು. ನೀಲಕ್ಕ ಮೆಲ್ಲಗೆ ಹೇಳಿದರು, “ಹ್ವಾದ ವರ್ಷದ ಹಿಂದಿನ ವರ್ಷ ಉಣ್ಣಿ ಜ್ವರಕ್ಕ ಒಂದು ಎಮ್ಮಿ ಸತ್ತಿತವ್ವಾ. ಇವರು ಮೂರು ದಿನ ಊಟ ಬಿಟ್ಟಿದ್ರು. ಆವಾಗಿಂದ ವಾರಕ್ಕೊಮ್ಮೆ ಉಣ್ಣಿ ಔಷಧ ಹೊಡಿತಾರ. ನಮ್ಮವಕ್ಕಷ್ಟ ಅಲ್ಲ. ಊರ ಎಮ್ಮಿಗೆಲ್ಲಾ ತಾವ ಹೋಗಿ ಹೊಡದ ಬರ್ತಾರ.”

“ಪಂಪು ಎಲ್ಲಿ ತೊಳಿತೀರಿ?”

“ಹಿಂದಿನ ಹೊಂಡದಾಗ,” ಎಂದರು ಶಿವಲಿಂಗಪ್ಪ.

ಸೊಳ್ಳೆ ಹುಟ್ಟುತ್ತಿದ್ದದ್ದು ಅದೇ ಹೊಂಡದಲ್ಲಿ.

“ಮನ್ಯಾಗ ಔಷಧ ಬಳಸ್ತೀರೇನಂತ ಕೇಳಿದೆ. ನೀವು ಸುಳ್ಳು ಹೇಳಲಿಲ್ಲ, ಕೊಟಿಗಿ ನೆನಪಾಗಲಿಲ್ಲ ಅಷ್ಟ. ಉಣ್ಣಿ ಔಷಧ, ಗೋಡಿ ಔಷಧ, ಎರಡೂ ಒಂದ ಜಾತಿ. ನೀವೊಬ್ಬರ ಅಲ್ಲ ಕಾಕಾ, ನಾವೂ ವರ್ಷಾನುಗಟ್ಟಲೆ ಅದನ್ನ ಹೊಡದೇವಿ. ಆದ್ರ ಇಲ್ಲಿ ವಾರ ವಾರ ಗಟ್ಟಿ ಸೊಳ್ಳಿನ ಆರಿಸಿ ಬೆಳಸಿದವರು ನೀವು. ಗೋಡಿಗೆ ಬ್ಯಾರೆ ಜಾತಿ ಔಷಧ ಬೇಕಂತ ಬರಿತೇನಿ. ಉಣ್ಣಿಗೆ ಏನು, ಎಷ್ಟು ದಿನಕ್ಕ ಅಂತ ದನದ ಡಾಕ್ಟರನ್ನ ಕೇಳೂಣು.”

ಶಿವಲಿಂಗಪ್ಪ ಎದ್ದು ತಲೆಗೆ ಪಟಕಾ ಸುತ್ತಿಕೊಂಡರು. “ಸುಭಾನಿ, ನನ್ನ ಆಸ್ಪತ್ರಿಗೆ ಕರಕೊಂಡು ಹೋಗಪ್ಪಾ.”

ಪೂರ್ಣಿಮಾಳ ಜ್ವರ ಇಳಿದಿತ್ತು. ಮಗುವಿಗೂ ತೊಂದರೆಯಿಲ್ಲ ಎಂದಿದ್ದರು ಡಾಕ್ಟರು. ಮಾವ ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು, ಒಂದನ್ನೂ ಮುಚ್ಚಿಡದೆ. ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು.

“ಇದನ್ನ ಮಲ್ಲೇಶಣ್ಣಗ ಹೇಳಿದ್ರೇನ್ರಿ, ಮಾವಾರ?”

“ಇಲ್ಲ.”

“ಮೊದಲು ಅವಗ ಹೇಳಿ ಬರ್ರಿ. ನಾ ಎಲ್ಲಿಗೂ ಹೋಗೂದಿಲ್ಲ.”

ಬೈಕ್ ಮತ್ತೆ ಊರ ಕಡೆ ತಿರುಗಿತು. ಮಲ್ಲೇಶ ರೊಟ್ಟಿ ಮುರಿಯುತ್ತ ಕೂತಿದ್ದ. ನಮ್ಮನ್ನು ಕಂಡು ಗಾಬರಿಯಿಂದ ಎದ್ದು ನಿಂತ. ಶಿವಲಿಂಗಪ್ಪ ಎರಡೂ ಕೈ ಜೋಡಿಸಿದರು. ಜೋಡಿಸಿದ ಕೈ ಇಳಿಸಲೇ ಇಲ್ಲ. ಕೊನೆಗೆ ನಡೆದದ್ದನ್ನೆಲ್ಲ ನಾನೇ ಹೇಳಿದೆ.

ಮಲ್ಲೇಶ ಕೇಳಿಸಿಕೊಂಡ. ಆಮೇಲೆ ಎಡಗೈಯಿಂದ ಚಾಪೆ ಎಳೆದು ಹಾಸಿದ.

“ಕೂಡ್ರಿ ಕಾಕಾ,” ಎಂದ. “ಬದನಿಕಾಯಿ ಪಲ್ಲೆ ಐತಿ.”

ಶಿವಲಿಂಗಪ್ಪ ಕೂತರು.