ಮಸ್ಕಿ ದಾರಿಯ ಏಳು ಕುರಿ

ಐವತ್ಮೂರನೇ ಇಸವಿಯಾಗ ನಾ ಲಿಂಗಸುಗೂರಿನಾಗ ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ ಮಾಡೋ ಸಾಹೇಬ ಆಗಿದ್ದೆ. ಕಣ್ಣಿಗೆ ಕಂಡದ್ದಷ್ಟ ನಂಬಾಂವ, ಈಗೂ ಅಷ್ಟ.

ಒಂದಿನ ಬ್ಯಾಸಗಿಯಾಗ ಮೂರು ಊರಿನಿಂದ ಮೂವರು ಬಂದಿದ್ರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮೊದಲು ಹಟ್ಟಿಯ ಸೂಗಪ್ಪ. ಮಸ್ಕಿ ದಾರಿಯ ಜಾಲಿಗಿಡದ ಹತ್ತಿರ ಕೈ ಹೊರಗ ಚಾಚಿ ಸನ್ನೆ ಮಾಡಿ ಗಾಡಿ ನಿಲ್ಲಿಸಿದ.

"ಯಾಕಲೇ?"

"ಮುದುಕಿ ಕುರಿ ದಾಟಸಾಕತ್ತಾಳ್ರೀ. ಏಳು ಅದಾವ."

ದಾರಿ ಖಾಲಿ ಇತ್ತು. ಆದ್ರ ಆ ಸುಡುಬಿಸಲಾಗ ತೊಯ್ದ ಕಂಬಳಿ ವಾಸನೆ ಮೂಗಿಗೆ ಬಡೀತು. ಅವನ್ನ ಫೇಲ್ ಮಾಡಿ ಊರಿಗೆ ಕಳಿಸಿದೆ.

ಎರಡನೆಯವ ಬಳಗಾನೂರಿನ ಪಂಪಣ್ಣ. ಅದೇ ಗಿಡ ಬಂತು, ಅವನ ಕಾಲೂ ಬ್ರೇಕಿಗೆ ಹೋತು. "ಮುದುಕಿ ಅದಾಳ್ರೀ," ಅಂದ. ನನಗ ಸಿಟ್ಟು ನೆತ್ತಿಗೇರಿತು.

"ಯಾರೂ ಇಲ್ಲ, ಬಿಡಲೇ ಗಾಡಿ! ನಿಂತ್ರ ಲೈಸೆನ್ಸ್ ಇಲ್ಲ."

ಅಂವ ಕಣ್ಣು ಮುಚ್ಚಿ ಗಾಡಿ ಮುಂದಕ್ಕ ಬಿಟ್ಟ. ಗಾಡಿ ಕುಲುಕಲಿಲ್ಲ, ಸಪ್ಪಳ ಆಗಲಿಲ್ಲ. ನಾ ಗೆದ್ದವನಂಗ ಪಾಸ್ ಮಾಡಿದೆ. ಪಂಪಣ್ಣ ಮಾತ್ರ ತಿರುಗಿ ಲಿಂಗಸುಗೂರು ಮುಟ್ಟೋತನಕ ಅಳ್ತಿದ್ದ.

ಮೂರನೆಯವ ಸಂತೆಕಲ್ಲೂರಿನ ಆದಪ್ಪ. ಅಂವನೂ ಅಲ್ಲೇ ನಿಲ್ಲಿಸಿದ.

"ಕುರಿ ದಾರಿಗಡ್ಡ ನಿಂತಾವ್ರೀ. ಏಳು."

"ಮುದುಕಿ?"

ಆದಪ್ಪ ಕಿಟಕಿಯಿಂದ ತಲಿ ಹೊರಗ ಹಾಕಿ ಎರಡೂ ಕಡೆ ನೋಡಿದ.

"ಯಾವ ಮುದುಕಿ ರೀ? ಕುರಿ ಹಿಂದ ಯಾರೂ ಇಲ್ಲ."