ಮೆಹಿಟಬಲ್ ಅತ್ತೆಯ ಬೆಳ್ಳಿ ಚಮಚ

ಮೆಹಿಟಬಲ್ ಅತ್ತೆ ತೀರಿಕೊಂಡಾಗ ಆಲ್ಡನ್ ಪೀಸ್ಲಿ ಅತ್ತದ್ದು ನಿಜ. ಉಯಿಲು ಓದಿದ ಮೇಲೆ ಮಾತ್ರ ಅವನಿಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ಅವನ ಪಾಲಿಗೆ ಗೋಡೆ ಗಡಿಯಾರ ಬಂತು. ಅತ್ತೆ ದಿನಾ ಉಣ್ಣುತ್ತಿದ್ದ ಬೆಳ್ಳಿಯ ಥರ್ಲೋ ಚಮಚ ಚಿಕ್ಕಪ್ಪನ ಮಗಳು ಲವಿನಿಯಾಗೆ ಹೋಯಿತು.

ಇಡೀ ನ್ಯೂಬರಿಪೋರ್ಟಿನಲ್ಲಿ ಆ ಚಮಚದ ಯೋಗ್ಯತೆ ಗೊತ್ತಿದ್ದವನು ಅವನೊಬ್ಬನೇ. ಜೋಸಯಾ ಥರ್ಲೋ, ಅಮೆರಿಕವನ್ನು ಇನ್ನೂ ಇಂಗ್ಲೆಂಡಿನ ದೊರೆ ಆಳುತ್ತಿದ್ದ ಕಾಲದಲ್ಲಿ ಇದೇ ಊರಿನಲ್ಲಿ ಬದುಕಿ ಸತ್ತ ಅಕ್ಕಸಾಲಿ. ಅವನ ಕೈಯ ಚಮಚ ಬೇರೆಲ್ಲೂ ಉಳಿದಂತಿಲ್ಲ. ಆಗಿನವರು ಚಮಚವನ್ನು ಮೇಜಿನ ಮೇಲೆ ಬೋರಲು ಇಡುತ್ತಿದ್ದರು. ಹಾಗಾಗಿ ಅದರ ಅಂದವೆಲ್ಲ ಬೆನ್ನಿನ ಮೇಲೆ. ಬಟ್ಟಲಿನ ಹಿಂದೆ ಉಬ್ಬಿದ ಚಿಪ್ಪು, ಹಿಡಿಯ ತುದಿಯಲ್ಲಿ ಮೂರು ಅಕ್ಷರ, ಮನೆತನದ್ದು ಮೇಲೆ, ಗಂಡ ಹೆಂಡಿರದು ಕೆಳಗೆ. ಹಿಡಿ ಬಟ್ಟಲಿಗೆ ಸೇರುವ ಕತ್ತಿನಲ್ಲಿ ಥರ್ಲೋನ ಹೃದಯದಾಕಾರದ ಮುದ್ರೆ. ಇದನ್ನೆಲ್ಲ ಗುರುತಿಸಿ ಅತ್ತೆಗೆ ಬಿಡಿಸಿ ಹೇಳಿದವನೇ ಆಲ್ಡನ್. ಈಗ ಲವಿನಿಯಾ ದಿನಾ ಬೆಳಿಗ್ಗೆ ಅದರಲ್ಲಿ ಓಟ್ಸ್ ಗಂಜಿ ತಿನ್ನುತ್ತಾಳೆ.

"ಗಾಜಿನ ಪೆಟ್ಟಿಗೇಲಿ ಇಡೇ ಅದನ್ನ," ಅಂದಿದ್ದ ಒಮ್ಮೆ.

"ಯಾಕೋ, ಅದಕ್ಕೇನು ಜ್ವರ ಬಂದಿದ್ಯಾ?" ಅಂತ ಅವಳು ನಕ್ಕಿದ್ದಳು.

ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಅಷ್ಟರಲ್ಲಿ ಬಾಸ್ಟನ್ನಿನ ಒಂದು ಮ್ಯೂಸಿಯಂನಿಂದ ಸ್ಟೋವರ್ ಎಂಬ ತಜ್ಞರು ಉಯಿಲಿನ ಸುದ್ದಿ ತಿಳಿದು ಚಮಚ ನೋಡಲು ಬರುತ್ತೇನೆಂದು ಹೇಳಿಕಳಿಸಿದರು. ಹೇಳಿಕಳಿಸಿದ್ದು ಲವಿನಿಯಾಗೆ! ಇನ್ನು ಹಳೆಯ ಬೆಳ್ಳಿಯ ಬಗ್ಗೆ ಅವರು ಬರೆಯುತ್ತಿದ್ದ ಪುಸ್ತಕದಲ್ಲಿ ಅದು ಲವಿನಿಯಾ ಪೀಸ್ಲಿಯವರ ಚಮಚವೆಂದೇ ಅಚ್ಚಾಗುತ್ತದೆ. ಅತ್ತೆಯ ಪ್ರೀತಿ ಅವಳಿಗೆ, ಚಮಚ ಅವಳಿಗೆ, ಈಗ ಹೆಸರೂ ಅವಳಿಗೆ. ಆಲ್ಡನ್‌ಗೆ ಊಟ ಸೇರದಾಯಿತು.

ಪೋರ್ಟ್‌ಲ್ಯಾಂಡಿನ ಗುಜರಿ ಅಂಗಡಿಯೊಂದರಲ್ಲಿ ಅದೇ ಕಾಲದ, ಅಷ್ಟೇ ಉದ್ದದ ಬೆಳ್ಳಿ ಚಮಚ ಅವನಿಗೆ ಸಿಕ್ಕಿತು. ಚಿಪ್ಪಿತ್ತು, ಮುದ್ರೆಯಿರಲಿಲ್ಲ. ಭಾನುವಾರಗಳಂದು ಊರೆಲ್ಲ ಚರ್ಚಿನಲ್ಲಿ ಹಾಡುತ್ತಿರುವಾಗ ಅವನು ಹಿತ್ತಿಲ ಕೊಟ್ಟಿಗೆಯಲ್ಲಿ ಕೂತು ಉಕ್ಕಿನ ಅಚ್ಚಿನಲ್ಲಿ ಹೃದಯ ಕೊರೆದು ಚಮಚದ ಕತ್ತಿಗೆ ಮುದ್ರೆ ಹೊಡೆದ. ಮೂರು ಅಕ್ಷರಗಳನ್ನು ಕೆತ್ತಿದ. ತಲೆಮಾರುಗಳ ಬಲಗೈಗಳು ತಟ್ಟೆ ಕೆರೆದು ಸವೆಸಿದಂತೆ ಬಟ್ಟಲಿನ ತುದಿಯ ಎಡ ಮೂಲೆಯನ್ನು ಉಜ್ಜಿದ. ಕೊನೆಗೆ, ಬೇಕೆಂದೇ ಒಂದು ತಪ್ಪು ಉಳಿಸಿದ. ಹಳೆಯ ಅಕ್ಕಸಾಲಿಗಳು ಮೊದಲು ಮುದ್ರೆ ಹೊಡೆದು, ಆಮೇಲೆ ಅದರ ಅಕ್ಕಪಕ್ಕ ಉಬ್ಬಿದ್ದನ್ನು ಅರದಿಂದ ತೀಡಿ ಸಮ ಮಾಡುತ್ತಿದ್ದರು. ಆಲ್ಡನ್ ಆ ಉಬ್ಬನ್ನು ಹಾಗೇ ಬಿಟ್ಟ. ಲವಿನಿಯಾಗೆ ಅದು ಕಾಣದು, ಸ್ಟೋವರ್ ಅವರ ಬೆರಳು ಬಿಡದು.

ಆಗ ಅವರು ನಕಲಿ ಅನ್ನುತ್ತಾರೆ. ಊರು ನಗುತ್ತದೆ. ಅದನ್ನು ಥರ್ಲೋನದೇ ಎಂದಿದ್ದ ತನ್ನ ಮಾನವೂ ಸ್ವಲ್ಪ ಹೋಗುತ್ತದೆ, ಹೋಗಲಿ. ಅದಲುಬದಲಾಗಿದೆ ಎಂದು ಯಾರು ಸಾಧಿಸಿಯಾರು? ಅಸಲಿಯ ಫೋಟೋ ಕೂಡ ಇಲ್ಲ, ಅದನ್ನು ತಿರುವಿ ನೋಡಿದವರೇ ಬೇರೆ ಯಾರೂ ಇಲ್ಲ. ಅಸಲಿಯನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿಗೆಯ ಹಲಗೆಯಡಿ ಇಡುತ್ತಾನೆ. ಯಾರಿಗೂ ತೋರಿಸುವ ಹಾಗಿಲ್ಲ. ಅವನಿಗೆ ತೋರಿಸುವ ಆಸೆಯೂ ಇರಲಿಲ್ಲ. ಲವಿನಿಯಾಳ ಹತ್ತಿರ ಅದು ಇರಬಾರದು, ಅಷ್ಟೆ.

ಬದಲಾಯಿಸುವ ಕೆಲಸವನ್ನು ಅವಳೇ ಹಗುರ ಮಾಡಿದಳು.

"ನಾಳೆ ಆ ಬಾಸ್ಟನ್ನೋರು ಬರ್ತಾರೆ. ಉಜ್ಜೋಕೆ ನಂಗೆ ಬೇಜಾರು, ನೀನೇ ಮಾಡ್ಕೊಡೋ ಮಾರಾಯ."

ಮರುದಿನ ಬೆಳಿಗ್ಗೆ ಅವನು ತನ್ನ ಚಮಚ ತಂದುಕೊಟ್ಟ.

"ಎಷ್ಟು ಹೊಳೀತಿದೆಯೋ, ಗುರುತೇ ಸಿಗ್ತಿಲ್ಲ," ಅಂದಳು. ಆಲ್ಡನ್ ಕೂಡ ನಕ್ಕ.

ಸ್ಟೋವರ್ ಕಿಟಕಿಯ ಬಳಿ ನಿಂತು ಭೂತಗನ್ನಡಿ ಹಿಡಿದರು. ಬೆರಳು ಚಮಚದ ಕತ್ತಿನ ಮೇಲೆ ಹೋಯಿತು, ವಾಪಸ್ಸು ಬಂತು, ಮತ್ತೆ ಹೋಯಿತು.

"ಬೇಜಾರು ಮಾಡ್ಕೋಬೇಡಿ, ಮಿಸ್ ಪೀಸ್ಲಿ. ಚಮಚ ಹಳೇದೇ. ಮುದ್ರೆ ಮಾತ್ರ ಆಮೇಲೆ ಯಾರೋ ಹೊಡೆದಿದ್ದು. ನಿಮ್ಮ ಹಿರಿಯರಿಗೆ ಯಾರೋ ಟೋಪಿ ಹಾಕಿದ್ದಾರೆ."

"ಪಾಪ ಅತ್ತೆ," ಎಂದ ಆಲ್ಡನ್. "ನಾನೂ ಇಷ್ಟು ವರ್ಷ ನಂಬಿದ್ದೆ ನೋಡಿ." ಎಷ್ಟೋ ತಿಂಗಳ ಮೇಲೆ ಅವನಿಗೆ ಹಸಿವಾಯಿತು.

"ಹೋಗ್ಲಿ ಬಿಡಿ, ಪುಡ್ಡಿಂಗ್ ಆರಿಹೋಗತ್ತೆ," ಎಂದು ಲವಿನಿಯಾ ಜೋಳದ ಹಿಟ್ಟಿನ ಪುಡ್ಡಿಂಗನ್ನು ಮೂವರಿಗೂ ಬಡಿಸಿ, ತಾನು ಅದೇ ಚಮಚದಲ್ಲಿ ಒಂದು ತುತ್ತು ಬಾಯಿಗಿಟ್ಟಳು. ಅಲ್ಲೇ ನಿಂತಳು. ಚಮಚ ಹೊರಗೆ ತೆಗೆದು ಒರೆಸಿ, ಬರೀ ಚಮಚವನ್ನೇ ಮತ್ತೊಮ್ಮೆ ನಾಲಿಗೆಯಿಂದ ಸವರಿದಳು. "ಇದು ನನ್ನ ಚಮಚ ಅಲ್ಲ," ಅಂದಳು. "ಅದರ ಒಳಗಡೆ, ಅಂಚಿನ ಹತ್ರ, ಎರಡು ಸಣ್ಣ ತಗ್ಗು ಇದ್ವು. ಕಣ್ಣಿಗೆ ಕಾಣೋದಿಲ್ಲ, ನಾಲಿಗೆಗೆ ದಿನಾ ಸಿಗ್ತಿತ್ತು." ಸ್ಟೋವರ್ ಭೂತಗನ್ನಡಿಯನ್ನು ಮತ್ತೆ ಕೈಗೆತ್ತಿಕೊಂಡು ಎಂಥ ತಗ್ಗು ಎಂದು ಕೇಳಿದರು. "ಹಲ್ಲಿನ ಗುರುತು. ಈ ಆಲ್ಡನ್ ನಾಲ್ಕು ವರ್ಷದೋನಿದ್ದಾಗ ಕಾಯಿಲೆ ಬಿದ್ದು ಉಳಿಯೋದೇ ಕಷ್ಟ ಅನ್ನೋ ಹಾಗಾಗಿತ್ತಂತೆ. ಅತ್ತೆ ಅದರಲ್ಲಿ ಔಷಧಿ ಕುಡಿಸೋಕೆ ಹೋದ್ರೆ ಬಲವಾಗಿ ಕಚ್ಚಿಬಿಟ್ಟನಂತೆ. ಅವತ್ತೇ ಇವನು ಬದುಕ್ತಾನೆ ಅಂತ ಗೊತ್ತಾಯ್ತಂತೆ ಅವಳಿಗೆ. ಸಾಯೋ ತನಕ ಅದರಲ್ಲೇ ಉಂಡಳು. ದಿನಾ ಬಾಯಿಗಿಡೋರ ಹತ್ರಾನೇ ಇರ್ಲಿ ಅಂತ ನಂಗೆ ಕೊಟ್ಟಳು." ಆಮೇಲೆ ಅವಳು ಆಲ್ಡನ್ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನೆ ಅದನ್ನ ನಿನ್ನ ಕೈಗೇ ಅಲ್ವೇನೋ ಕೊಟ್ಟಿದ್ದು ನಾನು?"