ಗೋಡೆಯಾಚೆಯ ಮಗ್ಗ

"ಶ್... ಕೇಳಿಸ್ತಾ?"

ಪತ್ತೇದಾರಿ ಗೋಡೆಗೆ ಕಿವಿ ಒತ್ತಿದಳು. ತಮ್ಮ ಅವಳ ಫ್ರಾಕ್ ಹಿಡಿದುಕೊಂಡ.

ಟಕ್, ಟಕ್... ಟಕ್. ಟಕ್, ಟಕ್... ಟಕ್.

ಆ ಸದ್ದು ಬೀದಿಗೆಲ್ಲ ಗೊತ್ತು. ಪಕ್ಕದ ಮನೆಯ ಮಗ್ಗದಜ್ಜಿಗೆ ಒಂದು ಕಾಲು ನೋವು. ಆ ಕಾಲು ಮಗ್ಗದಡಿಯ ಹಲಗೆ ತುಳಿಯುವ ಸರದಿ ಬಂದಾಗ ಮಗ್ಗ ಸ್ವಲ್ಪ ತಡೆಯುತ್ತಿತ್ತು. ಆದರೆ ಅಜ್ಜಿ ಸತ್ತು ವಾರವಾಗಿತ್ತು!

"ದೆವ್ವ ಕಣೇ!" ತಮ್ಮ ಅಳುಮೋರೆ ಹಾಕಿದ.

"ಸುಮ್ನಿರೋ. ನಾನು ಕೇಸ್ ನೋಡ್ತಿದೀನಿ."

ಹಾಗಂದರೂ ಅವಳಿಗೂ ಒಳಗೊಳಗೇ ಹೆದರಿಕೆ. ಕೊಲೆ ಕತೆ ಓದಿ ಓದಿ ಪತ್ತೇದಾರಿ ಅಂತ ಹೆಸರು ಪಡೆದವಳು ಹೆದರಿದರೆ ಹೇಗೆ?

ಅಜ್ಜಿಯದೂ ಕೊಲೆಯೇ ಅಂತ ಬೀದಿಯೆಲ್ಲ ಗುಸುಗುಸು. ಆ ಸಂಜೆ ಅಜ್ಜಿಯ ಮಗ್ಗದ ಸದ್ದು ಎಲ್ಲರಿಗೂ ಕೇಳಿಸಿತ್ತು. ಸದ್ದು ನಿಂತಿತು, ಸೊಸೆ ಕಿರುಚಿದಳು. ಜನ ಓಡಿಹೋದರೆ ಅಜ್ಜಿ ಅಟ್ಟದ ಏಣಿಯ ಕೆಳಗೆ ಬಿದ್ದಿದ್ದಳು.

"ನೇಯ್ತಾ ಕೂತಿದ್ದ ಮುದುಕಿ ಕಣ್ಣುಮುಚ್ಚಿ ಬಿಡೋದ್ರೊಳಗೆ ಅಟ್ಟ ಹತ್ತಿ ಬಿದ್ಲಾ? ಸೊಸೇನೇ ಹೊಡೆದು ಅಲ್ಲಿ ಮಲಗ್ಸಿದಾಳೆ," ಅಂದಿದ್ದ ಅಂಗಡಿಯವನು. ಸೊಸೆ ಬಾಯಿ ಬಿಡಲಿಲ್ಲ. ನಾಳೆ ಬೆಳಗ್ಗೆ ಅಜ್ಜಿಯ ಮಗ ಅವಳನ್ನು ತವರಿಗೆ ಬಿಟ್ಟುಬರುತ್ತಾನಂತೆ.

ಪತ್ತೇದಾರಿಗೆ ಮಾತ್ರ ಇನ್ನೊಂದು ವಿಷಯ ಗೊತ್ತಿತ್ತು. ಏಣಿ ಇರುವುದು ಇದೇ ಗೋಡೆಯಾಚೆ. ಅವತ್ತು ಅವಳು ಹೋಮ್‌ವರ್ಕ್ ಮಾಡುವಾಗ ಮೊದಲು ದಡ್ ಅಂದಿತ್ತು. ಆಮೇಲೂ ಮಗ್ಗ ನಡೆದಿತ್ತು. ಬಿದ್ದ ಅಜ್ಜಿ ನೇಯುವುದು ಹೇಗೆ?

ತಮ್ಮನನ್ನು ಬಿಟ್ಟು ಅವಳು ಪಕ್ಕದ ಮನೆಗೆ ಹೋದಳು. ಬಾಗಿಲು ಓರೆಯಾಗಿತ್ತು. ಮಬ್ಬುಗತ್ತಲಲ್ಲಿ ಅಜ್ಜಿಯ ಶಾಲು ಹೊದ್ದು ಯಾರೋ ಮಗ್ಗದ ಮುಂದೆ ಬಾಗಿ ಕೂತಿದ್ದರು.

"ಅ... ಅಜ್ಜಿ?"

ತಿರುಗಿದ್ದು ಸೊಸೆ. ಅತ್ತೂ ಅತ್ತೂ ಕಣ್ಣು ಊದಿತ್ತು.

"ಅಕ್ಕಾ, ನಿಮ್ ಕಾಲು ಚೆನ್ನಾಗಿದೆಯಲ್ಲ? ಯಾಕೆ ಅಜ್ಜಿ ಥರ ತುಳೀತೀರಿ?"

"ಇದು ಅವರ ಬಟ್ಟೆ, ಪುಟ್ಟಿ. ಅರ್ಧದಲ್ಲಿ ತುಳಿಯೋದು ಬದಲಾದ್ರೆ ನೇಯ್ಗೇಲಿ ಗೊತ್ತಾಗುತ್ತೆ."

"ಹಾಗಾದ್ರೆ ಅವತ್ತೂ..."

ಸೊಸೆ ಲಾಳಿ ಕೆಳಗಿಟ್ಟಳು. "ಅವರ ಕೈಲಿ ತುಳಿಯೋಕೆ ಆಗದೆ ತಿಂಗಳುಗಳೇ ಆಗಿತ್ತು. ನಾನೇ ನೇಯ್ತಿದ್ದೆ. ಕೈಲಾಗ್ದೋಳು ಅಂತ ಜನ ಆಡ್ಕೋಬಾರ್ದು, ಮಗನಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಅವತ್ತು ನೂಲು ನಾನೇ ತರ್ತೀನಿ ಅಂತ ಹಟ ಹಿಡಿದು ಅಟ್ಟ ಹತ್ತಿದ್ರು. ಈ ಮಗ್ಗದ ಗದ್ದಲದಲ್ಲಿ ಅವರು ಬಿದ್ದಿದ್ದೂ ನನಗೆ ಕೇಳಿಸ್ಲಿಲ್ಲ."

ಅವಳು ಬಿಕ್ಕಿಬಿಕ್ಕಿ ಅತ್ತಳು. ಪತ್ತೇದಾರಿಗೂ ಅಳು ಬಂತು.

ಬೆಳಗ್ಗೆ ಸೊಸೆಯ ಚೀಲ ಹೊಸಿಲಾಚೆ ಬಂದಿತ್ತು. ಬೀದಿಯ ಜನ ಸೇರಿದ್ದರು.

"ಏನಮ್ಮಾ ಪತ್ತೇದಾರಿ, ಕೇಸ್ ಮುಗೀತಾ?" ಅಂಗಡಿಯವನು ಕೇಳಿದ.

ಬೇಡ ಅನ್ನುವ ಹಾಗೆ ಸೊಸೆ ತಲೆಯಾಡಿಸಿದಳು. ಪತ್ತೇದಾರಿ ನೇರ ಅಜ್ಜಿಯ ಮಗನ ಮುಂದೆ ನಿಂತಳು.

"ಅಣ್ಣಾ, ಮೊದಲು ದಡ್ ಅಂತು. ಆಮೇಲೂ ಮಗ್ಗ ನಡೀತಿತ್ತು. ನಾನೇ ಕಿವಿಯಾರೆ ಕೇಳಿದೀನಿ."

"ಬಿದ್ಮೇಲೆ ನೇಯ್ದೋರ್ಯಾರು? ದೆವ್ವಾನಾ?" ಅಂಗಡಿಯವನು ನಕ್ಕ. ಬೇರೆ ಯಾರೂ ನಗಲಿಲ್ಲ.

ಪತ್ತೇದಾರಿ ತುಟಿ ಬಿಗಿಹಿಡಿದಳು. ತಾನು ಕೇಳಿದ್ದನ್ನು ಹೇಳಿದ್ದಳು. ಉಳಿದದ್ದು ಅಜ್ಜಿಯ ಗುಟ್ಟು.

ನೇಕಾರರ ಮನೆಯ ಮಗನಿಗೆ ಮಗ್ಗದ ವಿಷಯ ಬಿಡಿಸಿ ಹೇಳಬೇಕೇ? ಅವನು ಹೆಂಡತಿಯ ಪಾದಗಳನ್ನೇ ನೋಡುತ್ತ ನಿಂತ. ಆಮೇಲೆ ಚೀಲ ಎತ್ತಿ ಒಳಗಿಟ್ಟ.

ಸಂಜೆ ಮತ್ತೆ ಟಕ್, ಟಕ್... ಟಕ್.

"ಅಜ್ಜಿ ಬಂದಿದಾಳೆ ಕಣೇ!" ತಮ್ಮ ಫ್ರಾಕ್ ಹಿಡಿದ.

"ನೇಯ್ಲಿ ಬಿಡೋ," ಅಂದಳು ಪತ್ತೇದಾರಿ. ಹೋಮ್‌ವರ್ಕ್ ಪುಸ್ತಕ ತೆಗೆದು, ಅದೇ ಗೋಡೆಗೆ ಒರಗಿ ಕೂತಳು.